ಕಾಕಾನ ಸೊಂಟದಲ್ಲಿ ನನ್ನ ದುಡ್ಡು

ಹುಕ್ಕೇರಿ, ೧೪ ಜನವರಿ ೧೯೩೬, ಮಂಗಳವಾರ

ಕುಸುರೆಳ್ಳು ಹಂಚಲು ಹೊರಟಿದ್ದೆ, ಅಂಚೆಯವನು ಬಾಗಿಲಲ್ಲೇ ಸಿಕ್ಕ. ಮೊಂಬಾಸದ ಮುದ್ರೆಯ ಲಕೋಟೆ. ಮೂರು ವರ್ಷದ ಮೇಲೆ ಕಡೆಗೂ ನನಗೆ ಕರೆ ಬಂತು. ಮನೆಯವರು ಮುಂಬಯಿಯ ಆಫೀಸಿನಲ್ಲಿ ನನ್ನ ಹಡಗಿನ ಟಿಕೀಟಿಗೆ ದುಡ್ಡು ಕಟ್ಟಿದ್ದಾರೆ. (ಗಂಡನ ಹೆಸರನ್ನು ನಾನು ಬಾಯಲ್ಲಿ ಹೇಳುವುದಿಲ್ಲ, ಇಲ್ಲಿ ಬರೆಯುವುದೂ ಬೇಡ.) ಫೆಬ್ರವರಿ ಹದಿನೇಳಕ್ಕೆ ಹಡಗು. ಹನ್ನೆರಡು ಹದಿಮೂರು ದಿನ ನೀರಿನ ಮೇಲೆ. ಇಳಿದ ಮೇಲೆ ಮತ್ತೆ ರೈಲು ಹತ್ತಿ ಒಂದು ಹಗಲು ಒಂದು ರಾತ್ರಿ ಹೋದರೆ ಅವರು ಮಾಸ್ತರಾಗಿರುವ ಸಣ್ಣ ಸ್ಟೇಷನ್ನು. ರಜೆ ಸಿಗುವ ಭರವಸೆ ಇಲ್ಲ, ಬಂದರಿಗೆ ಬರಲಾರೆ ಎಂದು ಬರೆದಿದ್ದಾರೆ.

ಕಾಗದದ ಕೊನೆಯಲ್ಲಿ ಒಂದು ಸಾಲಿಗೆ ಅಡಿಗೆರೆ ಎಳೆದಿದ್ದಾರೆ. "ಇನ್ನೂರು ರೂಪಾಯಿ ನಿನ್ನ ಕೈಯಲ್ಲಿರಲಿ. ಇಳಿಯುವಾಗ ಆಫೀಸರ್ ತೋರಿಸು ಎನ್ನುತ್ತಾನೆ. ಇಲ್ಲದವರನ್ನು ಅದೇ ಹಡಗಿನಲ್ಲಿ ತಿರುಗಿ ಕಳಿಸಿದ್ದನ್ನು ಕಂಡಿದ್ದೇನೆ."

ನನ್ನ ಕೈಯಲ್ಲಂತೆ. ಆರು ವರ್ಷದಿಂದ ಇಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೇನೆ. ತಿಂಗಳಿಗೊಮ್ಮೆ ಪಗಾರದ ಪುಸ್ತಕದಲ್ಲಿ ಸಹಿ ಹಾಕುವವಳು ನಾನು, ಪಗಾರ ಇಸಿದುಕೊಳ್ಳುವವರು ಬಾಗಿಲ ಹೊರಗೆ ನಿಂತ ಮಾವ. ರೂಪಾಯಿ, ಆಣೆ, ಪೈಗಳ ಲೆಕ್ಕವನ್ನು ಹುಡುಗಿಯರಿಗೆ ಬಾಯಿಪಾಠ ಮಾಡಿಸಿದ್ದೇನೆಯೇ ಹೊರತು, ಸಂತೆಯಲ್ಲಿ ಒಂದು ಸೂಜಿಯನ್ನು ನಾನೇ ದುಡ್ಡು ಕೊಟ್ಟು ಕೊಂಡವಳಲ್ಲ. ಇದರಿಂದ ನನಗೆ ದುಃಖವೇನೂ ಇಲ್ಲ. ದುಡ್ಡು ಕಳೆದರೆ ಬೈಸಿಕೊಳ್ಳುವವಳು ನಾನಲ್ಲ, ಅಷ್ಟೇ ಸಾಕು. ಈ ಇನ್ನೂರನ್ನೂ ಯಾರಾದರೂ ಹೊತ್ತು ತಂದು ಆಫೀಸರನ ಮುಂದೆ ಇಟ್ಟರೆ ಚೆನ್ನಾಗಿತ್ತು.

೧೯ ಜನವರಿ, ಭಾನುವಾರ

ಇವತ್ತು ಮನೆಯಲ್ಲಿ ದೊಡ್ಡ ಪಂಚಾಯಿತಿ. ಮಾವ ಉದ್ದಪ್ಪನವರು ಹೊರಸಿನ ಮೇಲೆ, ಅತ್ತೆ ಹಣಮವ್ವ ಕಂಬಕ್ಕೆ ಒರಗಿ, ನಡುವೆ ಪಕ್ಕದ ಮನೆಯ ಸತ್ತೆಪ್ಪ. ಹಿಂದಿನ ಯುದ್ಧದಲ್ಲಿ ಸತ್ತೆಪ್ಪ ಬಸರಾಕ್ಕೆ ಹೋಗಿ ಬಂದವನು. ನಮ್ಮ ಓಣಿಯಲ್ಲಿ ಹಡಗು ಹತ್ತಿದವನು ಅವನೊಬ್ಬನೇ, ಆದ್ದರಿಂದ ಅವನ ಮಾತಿಗೆ ಬಹಳ ತೂಕ.

"ಹಡಗದಾಗ ಸಾಯೇಬನ ಕಡೆ ಕಬ್ಬಿಣದ ಪೆಟಗಿ ಇರತೈತ್ರಿ," ಎಂದ. "ರೊಕ್ಕ ಅದರಾಗ ಇಟ್ರ ಚೀಟಿ ಕೊಡ್ತಾನ. ಬೇಕಾದಾಗ ಚೀಟಿ ತೋರಿಸಿ ಇಸಗೋಬೇಕು."

"ಚೀಟಿ ಕಳದ್ರ?" ಅತ್ತೆ ಕೇಳಿದರು.

"ಕಳದ್ರ ರೊಕ್ಕ ಸಾಯೇಬಂದು."

ಕಬ್ಬಿಣದ ಪೆಟ್ಟಿಗೆ ಅಲ್ಲಿಗೆ ಮುಚ್ಚಿತು. ನೋಟುಗಳನ್ನು ಕುಬಸದೊಳಗೆ ಹೊಲಿಯೋಣವೆಂದರು ಮಾವ. ಬೆವರಿಗೆ ನೋಟು ಉಳಿಯುವುದಿಲ್ಲ, ಬಂಗಾರ ಮಾಡಿಸಿ ಹಾಕಿ ಕಳಿಸೋಣವೆಂದರು ಅತ್ತೆ. ಬಂಗಾರ ಕಂಡರೆ ಕೊರಳು ಕೊಯ್ಯುತ್ತಾರೆ ಎಂದ ಸತ್ತೆಪ್ಪ. ಹಾಗಾದರೆ ಬೆಳ್ಳಿಯ ರೂಪಾಯಿಯನ್ನೇ ಒಯ್ಯಲಿ ಎಂದರೆ, ಇನ್ನೂರು ರೂಪಾಯಿಯ ತೂಕ ಎರಡೂವರೆ ಶೇರು. ಅದನ್ನು ಸೊಂಟಕ್ಕೆ ಕಟ್ಟಿಕೊಂಡು ನೀರಿಗೆ ಬಿದ್ದರೆ ಮೇಲೆ ಬರುವ ಪ್ರಶ್ನೆಯೇ ಇಲ್ಲ.

ಎರಡು ತಾಸು ಮಾತಾಯಿತು. ಮೂರು ಸಲ ಚಹಾ ಆಯಿತು. ಒಳಗಿನ ಬಾಗಿಲ ಹಿಂದೆ ಸೆರಗು ಹೊದ್ದು ನಿಂತಿದ್ದವಳನ್ನು ಒಬ್ಬರೂ ಏನೂ ಕೇಳಲಿಲ್ಲ. ಚಹಾಕ್ಕೆ ಬೆಲ್ಲ ಕಡಿಮೆಯಾಗಿದೆ ಎಂದು ಮಾತ್ರ ಹೇಳಿದರು.

೨೩ ಜನವರಿ, ಗುರುವಾರ

ಗೋಕಾಕಕ್ಕೆ ಹೋಗಿ ಬಂದೆವು. ಅಲ್ಲಿ ಹುಂಡಿ ಬರೆದುಕೊಡುವ ಅಂಗಡಿ ಇದೆ. ಇಲ್ಲಿ ದುಡ್ಡು ಕಟ್ಟಿ ಚೀಟಿ ಪಡೆದರೆ ಮೊಂಬಾಸದಲ್ಲಿ ಅವರ ಬಳಗದ ಅಂಗಡಿಯಲ್ಲಿ ತೋರಿಸಿ ಇಸಿದುಕೊಳ್ಳಬಹುದಂತೆ. ಇದನ್ನು ಕೇಳಿ ನನಗೂ ಜೀವ ಬಂದಿತ್ತು.

"ಯಾರ ಹೆಸರಿಗ್ರಿ?" ಗಾದಿಯ ಮೇಲಿನವರು ಕೇಳಿದರು.

"ನಮ್ಮ ಸೊಸಿ ಹೆಸರಿಗ್ರಿ," ಎಂದರು ಮಾವ.

"ಹೆಣ್ಣಮಕ್ಕಳ ಹೆಸರಿಗೆ ಬರಂಗಿಲ್ರಿ. ಅಲ್ಲಿ ಅಂಗಡ್ಯಾವ ಇವರನ್ನ ಹೆಂಗ ಗುರತಾ ಹಿಡೀಬೇಕು? ಗಂಡನ ಹೆಸರು ಹೇಳ್ ತಂಗಿ."

ನಾನು ನೆಲ ನೋಡಿದೆ. ಮದುವೆಯ ದಿನ ಒಡಪು ಕಟ್ಟಿ ಒಮ್ಮೆ ಹೇಳಿದ ಹೆಸರು ಅದು, ಮತ್ತೆ ನಾಲಿಗೆಗೆ ಬಂದಿಲ್ಲ. ಮಾವನೇ ಹೇಳಿದರು. ಆದರೆ ಮನೆಯವರು ಬಂದರಿಗೇ ಬರುವುದಿಲ್ಲವಲ್ಲ, ಆಫೀಸರನಿಗೆ ಹಡಗಿನಿಂದ ಇಳಿಯುವ ಮೊದಲೇ ತೋರಿಸಬೇಕಲ್ಲ. ಪಿಸುಮಾತಿನಲ್ಲಿ ಮಾವನಿಗೆ ಹೇಳಿದೆ. "ಸುಮ್ನಿರು," ಎಂದರು. ಮೆಟ್ಟಿಲು ಇಳಿದ ಮೇಲೆ ಅವರೇ ಅದನ್ನು ತಾವು ಈಗ ತಾನೆ ಕಂಡುಹಿಡಿದವರಂತೆ ಹೇಳಿ ಹುಂಡಿ ಬೇಡವೆಂದರು.

ಬರುವಾಗ ಕೊಣ್ಣೂರಿನ ಹತ್ತಿರ ಮೋಟಾರಿನ ಗಾಲಿ ಕೂತಿತು. ಹುಣಸೆ ಮರದ ಕೆಳಗೆ ಎರಡು ತಾಸು. ಮಗನಿಗೆಂದು ಮಾವ ಗೋಕಾಕದಲ್ಲಿ ಕರದಂಟು ಕೊಂಡಿದ್ದರು, ಆ ಪೊಟ್ಟಣವನ್ನು ಜೋಪಾನವಾಗಿ ಹಿಡಿ ಎಂದು ನನಗೆ ಕೊಟ್ಟರು. ದುಡ್ಡು ಹಿಡಿಯಲು ಬಾರದ ಕೈಗೆ ಕರದಂಟು ಹಿಡಿಯಲು ಬರುತ್ತದೆ.

೩೦ ಜನವರಿ

ಬರೆಯುವ ಮನಸ್ಸಿಲ್ಲ. ಅಂಚೆಯಲ್ಲಿ ದುಡ್ಡು ಕಳಿಸಲು ಪೋಸ್ಟ್ ಮಾಸ್ತರರೂ ಆಗುವುದಿಲ್ಲ ಎಂದರು.

ಮೂಡಲಗಿ, ೫ ಫೆಬ್ರವರಿ, ಬುಧವಾರ

ತವರಿಗೆ ಬಂದು ಎರಡು ದಿನ. ಅವ್ವನಿಗೆ (ಭರಮವ್ವ ಎಂದರೆ ಮೂಡಲಗಿಯ ಅರ್ಧ ಊರಿನ ಕುಬಸ ಹೊಲಿದವಳು) ಎಲ್ಲ ಹೇಳಿದೆ. ಅವಳು ಏನೂ ಅನ್ನದೆ ಎದ್ದು ಹೋಗಿ ಹಳೆಯ ಇಳಕಲ್ ಸೀರೆಯ ಅಂಚನ್ನು ತಂದಳು. ಸಂಜೆಯೊಳಗೆ ಹಮ್ಮಿಣಿ ಹೊಲಿದಿಟ್ಟಳು. ಸೊಂಟಕ್ಕೆ ಸುತ್ತುವ ಉದ್ದನೆಯ ದುಡ್ಡಿನ ಚೀಲ, ಒಳಗೆ ಎರಡು ಅರೆ, ಸೊಂಟಕ್ಕೆ ಬಿಗಿಯಲು ತುದಿಯಲ್ಲಿ ದಾರದ ಕುಣಿಕೆಯ ಗಂಟು. ನನ್ನ ಸೊಂಟಕ್ಕೆ ಹಿಡಿದು ಅಳತೆ ನೋಡಿದಳು.

"ಈ ಗಂಟು ನಮ್ಮ ದಡ್ಡಿ ಕಡೀದು," ಎಂದಳು. ದಡ್ಡಿ ಅವಳ ತವರು. "ಎಡಗೈಲೆ ಎಳದ್ರ ಬಿಚ್ಚತೈತಿ. ಬಲಗೈಲೆ ಎಳದ್ರ ಇನ್ನಷ್ಟ ಬಿಗೀತೈತಿ. ಕಳ್ಳ ಯಾವತ್ತೂ ಬಲಗೈಲೇ ಎಳೀತಾನ."

ನಾಲ್ಕು ಸಲ ಬಿಚ್ಚಿಸಿ ಕಟ್ಟಿಸಿ ಕಲಿಸಿದಳು. ಇಷ್ಟು ಸುಲಭದ ಕೆಲಸಕ್ಕೆ ಹುಕ್ಕೇರಿಯಲ್ಲಿ ಮೂರು ವಾರ ತಲೆ ಕೆಡಿಸಿಕೊಂಡರು.

೮ ಫೆಬ್ರವರಿ, ಶನಿವಾರ

ಮಾವ ಮೂಡಲಗಿಗೇ ಬಂದರು, ಮುಖ ಅರಳಿತ್ತು. ಇಲ್ಲಿನ ಬೆಲ್ಲದ ವ್ಯಾಪಾರಿ ಲಕ್ಕಪ್ಪ ಕಾಕಾ ಅದೇ ಹಡಗಿನಲ್ಲಿ ಹೊರಟಿದ್ದಾರಂತೆ. ಅವರ ಮಗ ಅಪ್ಪಣ್ಣ ಮೊಂಬಾಸದಲ್ಲಿ ಅಂಗಡಿ ಇಟ್ಟಿದ್ದಾನೆ. ನಮ್ಮವರೇ, ಲಿಂಗವಂತರು, ಅರವತ್ತು ದಾಟಿದ ಹಿರಿಯರು, ಇವತ್ತಿನವರೆಗೆ ಯಾರದೂ ಒಂದು ಪೈ ಮುಟ್ಟಿದವರಲ್ಲ.

"ರೊಕ್ಕ ಕಾಕಾನ ಕಡೆ ಇರಲಿ. ಬೇಕಾದಾಗ ಕೇಳಿ ಇಸಗೋ," ಎಂದರು ಮಾವ.

ಕೇಳಿದಾಕ್ಷಣ ಎದೆಯ ಮೇಲಿನ ಕಲ್ಲು ಇಳಿದಂತಾಯಿತು, ಸುಳ್ಳೇಕೆ ಹೇಳಲಿ. ಅವ್ವ ಮಾತ್ರ ಒಳಗೆ ಪಾತ್ರೆಗಳನ್ನು ಜೋರಾಗಿ ಇಡುತ್ತಿದ್ದಳು.

ಗೋಕಾಕ ರೋಡ ಸ್ಟೇಷನ್, ೧೪ ಫೆಬ್ರವರಿ

ಗಾಡಿ ಇನ್ನೂ ಬಂದಿಲ್ಲ. ಮಾವ ಎಲ್ಲರ ಎದುರಿಗೆ ದುಡ್ಡನ್ನು ಹಮ್ಮಿಣಿಗೆ ಹಾಕಿ ಕಾಕಾನಿಗೆ ಒಪ್ಪಿಸಿದರು. ಹಮ್ಮಿಣಿ ಗಟ್ಟಿಯಾಗಿದೆ ಎಂದು ಕಾಕಾ ತಮ್ಮ ದುಡ್ಡನ್ನೂ ಇನ್ನೊಂದು ಅರೆಯಲ್ಲಿ ಇಟ್ಟರು. ನನ್ನ ಅಳತೆಗೆ ಹೊಲಿದದ್ದು ಅವರ ಹೊಟ್ಟೆಯ ಅರ್ಧಕ್ಕೇ ಮುಗಿಯಿತು. ಎರಡು ಮೊಳ ಲಾಡಿ ಕೂಡಿಸಿ ಕಟ್ಟಿದ್ದಾರೆ. ಗಂಟಿನ ಗುಟ್ಟು ಹೇಳಬೇಕೆಂದು ಬಾಯಿ ತೆರೆದೆ. ಗಂಡಸರ ನಡುವೆ ಸೊಂಟದ ಗಂಟಿನ ಮಾತು ಹೇಗೆ ಆಡುವುದೆಂದು ಸುಮ್ಮನಾದೆ.

ಹಡಗು, ೧೯ ಫೆಬ್ರವರಿ, ಬುಧವಾರ

ಸಮುದ್ರದ ಬಗ್ಗೆ ಬರೆಯಲು ಏನೂ ಇಲ್ಲ. ಎಲ್ಲ ಕಡೆ ನೀರು, ಹೊಟ್ಟೆಯೊಳಗೆ ಮಾತ್ರ ಏನೂ ನಿಲ್ಲುವುದಿಲ್ಲ. ಡೆಕ್ಕಿನ ಮೇಲೆ ಚಾಪೆ ಹಾಸಿ ಇನ್ನೂರು ಜನ ಮಲಗಿದ್ದೇವೆ. ಹೆಂಗಸರ ಬದಿಗೆ ಪರದೆಯೆಂದು ಒಂದು ಗೋಣಿತಟ್ಟು.

ಭಂಡಾರಿ ಎಂಬವನು ಡೆಕ್ಕಿನವರಿಗೆ ಅನ್ನ ಸಾರು ಮಾರುತ್ತಾನೆ, ಕೇಳಿದರೆ ಬೇರೆ ಸಾಮಾನೂ ಕೊಡುತ್ತಾನೆ. ಲಿಂಗಪೂಜೆಗೆ ಸಿಹಿನೀರಿನ ತಂಬಿಗೆಗೆ ಒಂದಾಣೆ ಬೇಕೆಂದೆ. ಕಾಕಾ ಕೂಡಲೇ ಕೊಟ್ಟರು. ಆಮೇಲೆ ಮತ್ತೆ ಹೋದೆ.

"ಕಾಕಾರ, ಎರಡಾಣೆ ಬೇಕಿತ್ರಿ."

"ಯಾಕ ಬೇಕವಾ?"

"ನಿಂಬಿಹಣ್ಣಿಗ್ರಿ. ಹೊಟ್ಟಿ ತೊಳಸಾಕತ್ತೈತಿ."

"ಎರಡಾಣೆಕ್ಕ ನಮ್ಮೂರಾಗ ಬುಟ್ಟಿ ಬರತಾವ. ಇಂವ ಸುಲಗಿ ಮಾಡಾಕತ್ತಾನ. ತಡಕೋ, ನಾಳಿಗೆ ಕಡಿಮಿ ಆಗತೈತಿ."

ನಾಳೆಗೆ ಕಡಿಮೆಯಾಗುವಂತೆ ಕಾಣುವುದಿಲ್ಲ.

೨೧ ಫೆಬ್ರವರಿ, ಶುಕ್ರವಾರ

ಕೆಲವು ಖರ್ಚುಗಳನ್ನು ಗಂಡಸರಿಗೆ ಬಿಡಿಸಿ ಹೇಳಲಾಗುವುದಿಲ್ಲ. ನಿನ್ನೆ ನಾನು ಹೊರಗಾದೆ. ಬಿಸಿನೀರು ಬೇಕು, ಅದನ್ನು ತಂದುಕೊಡುವ ಹೆಂಗಸಿಗೆ ನಾಲ್ಕಾಣೆ ಕೊಡಬೇಕು. ಗೋಣಿತಟ್ಟಿನ ಆಚೆ ನಿಂತು ಕೇಳಿದೆ.

"ಯಾಕ ಬೇಕವಾ?" ಕಾಕಾನ ಕಿವಿ ಮಂದ, ಕೇಳುವುದೂ ಜೋರು. ನಲವತ್ತು ತಲೆಗಳು ನನ್ನ ಕಡೆ ತಿರುಗಿದವು.

"ಬ್ಯಾಡ ಬಿಡ್ರಿ," ಎಂದೆ.

"ಬ್ಯಾಡಂದ್ರ ಯಾಕ ಕೇಳಿದಿ? ನಿಮ್ಮ ಮಾವಗ ನಾ ಲೆಕ್ಕಾ ಕೊಡಬೇಕಲ್ಲವಾ."

ಅವರು ಕೆಟ್ಟವರಲ್ಲ. ಅದೇ ನನಗೆ ಇನ್ನೂ ಸಿಟ್ಟು ತರಿಸುತ್ತದೆ. ಕೆಟ್ಟವರಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಪ್ರತಿ ಸಲ ದುಡ್ಡು ತೆಗೆಯಲು ಆ ಗಂಟಿನೊಂದಿಗೆ ಹೆಣಗಾಡುತ್ತಾರೆ, ಏದುಸಿರು ಬಿಡುತ್ತಾರೆ, ಆಮೇಲೆ ಆ ಕಷ್ಟಕ್ಕೆ ನಾನೇ ಕಾರಣ ಎಂಬಂತೆ ನೋಡುತ್ತಾರೆ.

ಪಕ್ಕದ ಚಾಪೆಯಲ್ಲಿ ಪೋರಬಂದರದ ಅಜ್ಜಿಯೊಬ್ಬಳಿದ್ದಾಳೆ. ಎಲ್ಲವನ್ನೂ ನೋಡಿದ್ದಳು. ತನ್ನ ಸೊಂಟದಿಂದ ನಾಲ್ಕಾಣೆ ತೆಗೆದು ನನ್ನ ಅಂಗೈಯಲ್ಲಿ ಒತ್ತಿದಳು. "ಪೈಸಾ ತೇರಾ, ತೋ ಬುಡ್ಢೇ ಕೇ ಪೇಟ್ ಪರ್ ಕ್ಯೋಂ?" ಎಂದಳು. ದುಡ್ಡು ನಿನ್ನದಾದರೆ ಮುದುಕನ ಹೊಟ್ಟೆಯ ಮೇಲೆ ಯಾಕಿದೆ ಎಂದು. ನಮ್ಮಲ್ಲಿ ಪದ್ಧತಿ ಎಂದೆ. ಅಳು ಬಂದುಬಿಟ್ಟಿತು.

೨೨ ಫೆಬ್ರವರಿ

ಅದು ನನ್ನ ದುಡ್ಡು. ಇವತ್ತು ನಾಲ್ಕು ಸಲ ಮನಸ್ಸಿನಲ್ಲಿ ಅಂದುಕೊಂಡೆ. ಬಾಯಿಬಿಟ್ಟು ಒಂದು ಸಲವೂ ಅನ್ನಲಿಲ್ಲ.

೨೪ ಫೆಬ್ರವರಿ, ಸೋಮವಾರ

ಕಾಕಾನಿಗೆ ಎರಡು ದಿನದಿಂದ ಜ್ವರ. ಇವತ್ತು ಬೆಳಗ್ಗೆ ಮೈಮೇಲೆ ಕೆಂಪು ಕಲೆ ಕಾಣಿಸಿದವು. ಹಡಗಿನ ಡಾಕ್ಟರು ಇಬ್ಬರು ಆಳುಗಳೊಂದಿಗೆ ಬಂದು, ಇವರನ್ನು ಬೇರೆ ಕೋಣೆಗೆ ಹಾಕಬೇಕು, ಮೈಮೇಲಿನ ಬಟ್ಟೆಯೆಲ್ಲ ಬಿಚ್ಚಿ ಹಬೆಯಲ್ಲಿ ಬೇಯಿಸಬೇಕು ಎಂದರು. ನಾವು ಇಳಿಯುವವರೆಗೆ ಆ ಕೋಣೆಗೆ ಹೋದ ಸಾಮಾನು ಹೊರಗೆ ಬರುವುದಿಲ್ಲವಂತೆ. ನನ್ನ ಇನ್ನೂರು ರೂಪಾಯಿ ಆ ಬಾಗಿಲಿನ ಒಳಗೆ ಹೋಗುವುದರಲ್ಲಿತ್ತು. ಅಲ್ಲಿಂದ ನಾನು ನೇರ ಹುಕ್ಕೇರಿಗೆ.

ಕಾಕಾನಿಗೆ ಅರ್ಧ ಎಚ್ಚರ. ಯಾರು ಮುಟ್ಟಿದರೂ ಹಮ್ಮಿಣಿಯನ್ನು ಎರಡೂ ಕೈಯಿಂದ ಅವುಚಿಕೊಳ್ಳುತ್ತಿದ್ದರು. ಆಳು ಗಂಟನ್ನು ಎಳೆದ, ಅದು ಇನ್ನಷ್ಟು ಬಿಗಿಯಿತು. ಕಾಕಾ ನೋವಿಗೆ ಕೂಗಿದರು. ಆಳು ಕತ್ತರಿ ತೆಗೆದ.

ನಾನು ಗೋಣಿತಟ್ಟಿನ ಈಚೆ ನಿಂತಿದ್ದೆ. ಊರಿನ ಹಿರಿಯರ ಸೊಂಟಕ್ಕೆ ಯಾವ ಹೆಣ್ಣುಮಗಳು ಕೈ ಹಾಕಿದ್ದಾಳೆ? ಮೂಡಲಗಿಯಲ್ಲಿ ತಿಳಿದರೆ ಅವ್ವ ನೀರಿಗೆ ಹೋಗುವ ಹಾಗಿಲ್ಲ. ಇದನ್ನೆಲ್ಲ ಯೋಚಿಸುತ್ತಲೇ ಇದ್ದೆ, ಅಷ್ಟರಲ್ಲಿ ಅವರ ಪಕ್ಕದಲ್ಲಿ ಕೂತಿದ್ದೆ. ನಡುವೆ ಹೇಗೆ ನಡೆದು ಹೋದೆನೋ ನೆನಪಿಲ್ಲ.

"ಕಾಕಾರ, ನಾ ಶಿವಗಂಗವ್ವ. ನಿಮ್ಮ ಮಗಳಂತ ತಿಳಕೋರಿ. ಕೈ ತಗೀರಿ," ಎಂದೆ.

ತೆಗೆದರು. ಎಡಗೈಯಿಂದ ಎಳೆದೆ. ಅವ್ವನ ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಪಾಪ, ಮನುಷ್ಯ ಇಷ್ಟು ದಿನವೂ ಬಲಗೈಯಿಂದ ಎಳೆದಿದ್ದಾರೆ.

೨೫ ಫೆಬ್ರವರಿ, ಮಂಗಳವಾರ

ಹಮ್ಮಿಣಿ ನನ್ನ ಸೊಂಟದಲ್ಲಿದೆ, ಅಳತೆ ಸರಿಯಾಗಿದೆ. ಲಾಡಿ ಕಿತ್ತು ಹಾಕಿದೆ. ನೋಟುಗಳೆಲ್ಲ ಕಾಕಾನ ಬೆವರಿಗೆ ಹಸಿಯಾಗಿದ್ದವು. ಅಜ್ಜಿಯೂ ನಾನೂ ಗಾಳಿಗೆ ಬೆನ್ನು ಕೊಟ್ಟು ಕೂತು ಒಂದೊಂದನ್ನೂ ಸೆರಗಿನಡಿ ಒಣಗಿಸಿದೆವು. ಅಜ್ಜಿಯ ನಾಲ್ಕಾಣೆ ತಿರುಗಿ ಕೊಟ್ಟೆ.

ನಿಂಬೆಹಣ್ಣು ಕೊಂಡೆ. ಭಂಡಾರಿ ಎರಡಾಣೆಗೆ ನಾಲ್ಕು ಎಂದ. ಆರು ಕೊಡುವವರೆಗೆ ಅಲ್ಲಿಂದ ಏಳಲಿಲ್ಲ. ಒಂದನ್ನು ಅಲ್ಲೇ ಕಚ್ಚಿ ತಿಂದೆ, ಎರಡನ್ನು ಕಾಕಾನ ಕೋಣೆಗೆ ಕಳಿಸಿದೆ. ಸಮುದ್ರ ಇವತ್ತು ನೀಲಿಯಾಗಿದೆ. ಮುಂಚೆಯೂ ನೀಲಿಯೇ ಇದ್ದಿರಬೇಕು.

೨೭ ಫೆಬ್ರವರಿ, ಗುರುವಾರ

ಕಾಕಾನಿಗೆ ಜ್ವರ ಇಳಿದಿದೆ, ಆದರೆ ಕಲೆ ಹೋಗುವವರೆಗೆ ಬಿಡುವುದಿಲ್ಲವಂತೆ. ಕೋಣೆಗೆ ಒಂದು ದುಂಡನೆಯ ಕಿಟಕಿಯಿದೆ. ಮಧ್ಯಾಹ್ನ ಹೋಗಿ ಹೊರಗಿನಿಂದಲೇ ಜೋರಾಗಿ ಮಾತಾಡಿಸಿದೆ.

"ಶಿವಗಂಗವ್ವಾ, ಒಂದ ಎಂಟಾಣೆ ಕೊಡವಾ," ಎಂದರು.

"ಯಾಕ ಬೇಕ್ರಿ, ಕಾಕಾರ?"

"ಸೋಡಾ ಕುಡಿಯೂಣಂತ ಮಾಡೀನಿ. ಬಾಯಿ ಕೆಟ್ಟೈತಿ."

"ಎರಡ ಸೋಡಾಕ್ಕ ನಾಕಾಣೆ ಸಾಕ್ರಿ," ಎಂದು ಅವರ ಅರೆಯಿಂದಲೇ ನಾಲ್ಕಾಣೆ ತೆಗೆದು ಆಳಿನ ಕೈಯಲ್ಲಿ ಕಳಿಸಿದೆ. ಚಿಲ್ಲರೆ ಸುಮ್ಮನೆ ಹಾಳಾಗಬಾರದು, ಅವರ ಮಗನಿಗೆ ನಾನು ಲೆಕ್ಕ ಕೊಡಬೇಕಲ್ಲ. ಕಾಕಾ ಗಾಜಿನೊಳಗಿಂದ ನನ್ನನ್ನು ಬಹಳ ಹೊತ್ತು ನೋಡಿದರು. ಜ್ವರ ಬಿಟ್ಟ ಕಣ್ಣು, ಪಾಪ.

ಮೊಂಬಾಸ, ೧ ಮಾರ್ಚ್, ಭಾನುವಾರ

ಬೆಳಗ್ಗೆಯಿಂದ ಬಿಸಿಲಿನಲ್ಲಿ ಸಾಲು. ಮೇಜಿನ ಹಿಂದೆ ಆಫೀಸರ್, ಪಕ್ಕದಲ್ಲಿ ಹಿಂದಿಯಲ್ಲಿ ತಿಳಿಸುವವನು. ನನ್ನ ಮುಂದಿನವನ ಹತ್ತಿರ ದುಡ್ಡು ಕಡಿಮೆಯಿತ್ತು, ಅವನನ್ನು ಪಕ್ಕಕ್ಕೆ ನಿಲ್ಲಿಸಿದರು. ಅವನು ಅತ್ತ.

ಗಂಡನ ಹೆಸರೇನು ಎಂದರು. ವೀರಪ್ಪ ಎಂದೆ. ಕೇಳಿಸಲಿಲ್ಲವೆಂದರು. ವೀರಪ್ಪ ಎಂದು ಇನ್ನೊಮ್ಮೆ ಜೋರಾಗಿ ಹೇಳಿದೆ, ಹಿಂದಿನವರಿಗೆಲ್ಲ ತಡವಾಗುತ್ತಿತ್ತು. ದುಡ್ಡು ಎಲ್ಲಿ ಎಂದರು. ಎಡಗೈಯಿಂದ ಗಂಟು ಎಳೆದು ಮೇಜಿನ ಮೇಲೆ ಇಟ್ಟೆ. ಆಫೀಸರ್ ಒಂದು ನೋಟನ್ನು ಮೂಗಿನ ಹತ್ತಿರ ಒಯ್ದು ಮುಖ ಸಿಂಡರಿಸಿದ. ಕಾಗದಕ್ಕೆ ಮುದ್ರೆ ಬಿತ್ತು.

ಕಾಕಾನನ್ನು ಇನ್ನೂ ಎರಡು ದಿನ ಇಳಿಸುವುದಿಲ್ಲ. ಅವರ ಮಗ ಅಪ್ಪಣ್ಣ ಬಂದಿದ್ದ. ಅವರ ದುಡ್ಡನ್ನು ಎಣಿಸಿ ಕೊಟ್ಟು ಇದೇ ಪುಸ್ತಕದ ಹಿಂದಿನ ಹಾಳೆಯಲ್ಲಿ ಸಹಿ ಮಾಡಿಸಿಕೊಂಡೆ.

"ಸಹಿ ಯಾಕ್ ಬೇಕ ಅಕ್ಕಾ, ನಾವು ನಾವ ಅಲ್ಲೇನು?" ಎಂದ.

"ತಗೊಂಡವ್ರು ಸಹಿ ಮಾಡಬೇಕಪಾ," ಎಂದೆ.

ರೈಲಿನ ಟಿಕೀಟು ತಾನು ತರುತ್ತೇನೆ, ದುಡ್ಡು ಕೊಡು ಎಂದ. ಕಿಟಕಿ ಎಲ್ಲಿದೆ ತೋರಿಸು ಸಾಕು ಎಂದೆ.

೩ ಮಾರ್ಚ್, ಮಂಗಳವಾರ

ಬಂದು ಮುಟ್ಟಿದೆ. ಗಾಡಿ ನಿಂತಾಗ ಹಸಿರು ನಿಶಾನಿ ಹಿಡಿದು ನಿಂತಿದ್ದರು, ಬಿಸಿಲಿಗೆ ಕಪ್ಪಾಗಿದ್ದಾರೆ, ಮೀಸೆಯಲ್ಲಿ ಎರಡು ಬಿಳಿಗೂದಲು. ಗಾಡಿ ಹೋಗುವವರೆಗೆ ಅವರು ನಿಶಾನಿ ಬೀಸಿದರು, ನಾನು ನನ್ನ ಸಾಮಾನು ಎಣಿಸಿದೆ.

"ಬಂದ್ಯಾ?" ಎಂದರು ಆಮೇಲೆ.

"ಬಂದೇನ್ರಿ," ಎಂದೆ.

ಸ್ಟೇಷನ್ನಿನ ಹಿಂದೆಯೇ ತಗಡಿನ ಮನೆ. ಕರದಂಟನ್ನು ಕೊಟ್ಟೆ, ಕಲ್ಲಾಗಿದೆ, ಆದರೂ ತಿಂದರು. ಹಡಗಿನ ಕಥೆಯನ್ನೆಲ್ಲ ಕೇಳಿ ನಕ್ಕರು. ಕಾಕಾನ ಲಾಡಿಯ ಮಾತಿಗಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಬೀಗದ ಪೆಟ್ಟಿಗೆಯನ್ನು ಎಳೆದು, ಅಂಗೈ ಚಾಚಿ ಕೂತರು.

"ಉಳಿದ ರೊಕ್ಕ ತಾ ಇಲ್ಲೆ," ಎಂದರು.

"ಯಾಕ ಬೇಕ್ರಿ?" ಎಂದು ಕೇಳಿದೆ.

ಚಾಚಿದ ಕೈ ಹಾಗೇ ಇತ್ತು, ಕಾಕಾ ಗಾಜಿನೊಳಗಿಂದ ನೋಡಿದ ಹಾಗೆ ನನ್ನನ್ನು ನೋಡಿದರು. ನಾನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಎಷ್ಟು ಬೇಕು, ಯಾತಕ್ಕೆ ಬೇಕು ಎಂದು ಹೇಳಿದ್ದರೆ ತೆಗೆದು ಕೊಡುತ್ತಿದ್ದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡು, ಪೆಟ್ಟಿಗೆ ಮುಚ್ಚಿ, ತಾವೇ ಎದ್ದು ಚಹಾ ಮಾಡಿದರು. ಇಷ್ಟು ದೂರ ಬಂದ ದಣಿವಿನಲ್ಲಿ ಅವರು ಯಾಕೆ ಹಾಗೆ ನೋಡಿದರೆಂದು ಕೇಳಲಿಲ್ಲ.

ಚಹಾಕ್ಕೆ ಸಕ್ಕರೆ ಕಡಿಮೆಯಿತ್ತು. ಡಬ್ಬಿ ನೋಡಿದೆ, ತಳ ಕಂಡಿದೆ. ಇಲ್ಲಿ ಅಂಗಡಿ ಎಲ್ಲಿದೆಯೋ ಕೇಳಿಕೊಂಡು ನಾಳೆ ಹೋಗಿ ತರಬೇಕು. ಸೂಜಿಯೂ ಬೇಕು.